ಹೊಸದೆಂದು ಹೆಸರಿಟ್ಟವರು ಯಾರು?

ಬೆಂಗಳೂರಿನ ದೊಡ್ಡ ಹೋಟೆಲುಗಳ ವೈನ್ ಪಟ್ಟಿ ತೆರೆದರೆ ಸಾಮಾನ್ಯವಾಗಿ ಎರಡು ತಲೆಬರಹ ಕಾಣುತ್ತವೆ. ‘ಹಳೆಯ ಜಗತ್ತು’ ಎಂಬುದರ ಕೆಳಗೆ ಫ್ರಾನ್ಸ್, ಇಟಲಿ, ಸ್ಪೇನ್. ‘ಹೊಸ ಜಗತ್ತು’ ಎಂಬುದರ ಕೆಳಗೆ ಚಿಲಿ, ಅರ್ಜೆಂಟೀನಾ, ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾ, ಕೊನೆಯಲ್ಲಿ ನಮ್ಮ ನಂದಿಬೆಟ್ಟದ ತಪ್ಪಲಿನದು. ಮೊದಲ ಗುಂಪಿನ ಮುಂದೆ ಗಿರಾಕಿ ದನಿ ತಗ್ಗಿಸುತ್ತಾನೆ, ಎರಡನೆಯದರ ಮುಂದೆ ಬೆಲೆ ನೋಡುತ್ತಾನೆ. ಈ ವಿಂಗಡಣೆಯನ್ನು ನಮ್ಮ ಹೋಟೆಲಿನವರು ಹುಟ್ಟಿಸಿದ್ದಲ್ಲ. ಯುರೋಪಿನ ವ್ಯಾಪಾರಿಗಳು, ವೈನಿನ ಪಾಠ ಹೇಳುವ ಶಾಲೆಗಳು, ಅಂಕ ಕೊಡುವ ವಿಮರ್ಶಕರು ಎಲ್ಲರೂ ಒಪ್ಪಿ ನಡೆಸಿಕೊಂಡು ಬಂದದ್ದು ಅದು. ನಾನು ಅದನ್ನು ಒಪ್ಪುವುದಿಲ್ಲ. ದಕ್ಷಿಣ ಅಮೆರಿಕದ ವೈನನ್ನು ‘ಹೊಸದು’ ಎಂದು ಕರೆಯುವುದು ಇತಿಹಾಸಕ್ಕೆ ಬಗೆದ ಅನ್ಯಾಯ, ಆ ನೆಲದ ಸಣ್ಣ ರೈತನ ಹೊಟ್ಟೆಯ ಮೇಲೆ ಹೊಡೆದ ಹೊಡೆತ.

ಕೆಲವು ವರ್ಷಗಳ ಹಿಂದೆ ನಗರದಲ್ಲಿ ನಡೆದ ಒಂದು ರುಚಿ ನೋಡುವ ಕೂಟಕ್ಕೆ ಹೋಗಿದ್ದೆ. ಚಿಲಿಯ ಬಾಟಲಿಯನ್ನು ಕೈಗೆತ್ತಿಕೊಂಡ ಪರಿಣತರು, ಫ್ರಾನ್ಸಿನದನ್ನು ಕೊಳ್ಳುವಷ್ಟು ದುಡ್ಡಿಲ್ಲದಾಗ ಇದು ಸಾಕಾಗುತ್ತದೆ ಎಂದರು. ಸುತ್ತ ಕೂತವರು ತಲೆಯಾಡಿಸಿದರು. ಆ ಮಾತಿನಲ್ಲಿ ದ್ವೇಷವೇನೂ ಇರಲಿಲ್ಲ. ನನ್ನನ್ನು ಕೆಣಕಿದ್ದು ಅದನ್ನು ಯಾರೂ ಪ್ರಶ್ನಿಸಲಿಲ್ಲ ಎಂಬುದು.

ಎದುರು ಪಕ್ಷದ ವಾದವನ್ನು ಮೊದಲು ನ್ಯಾಯವಾಗಿ ಮುಂದಿಡುತ್ತೇನೆ. ಅದಕ್ಕೆ ಮೂರು ಕಾಲು. ಒಂದು: ದಕ್ಷಿಣ ಅಮೆರಿಕದ ಒಳ್ಳೆಯ ವೈನಿನ ಕಥೆ 19ನೇ ಶತಮಾನದ ಮಧ್ಯದಲ್ಲಿ ಫ್ರಾನ್ಸಿನ ಬಳ್ಳಿ ಬಂದ ಮೇಲೆ ಶುರುವಾಯಿತು, ಅದಕ್ಕೂ ಮುಂಚಿನದು ಲೆಕ್ಕಕ್ಕಿಲ್ಲ. ಎರಡು: ಅಲ್ಲಿ ಬಿಸಿಲು ಧಾರಾಳ, ಬೆಳೆ ಸಲೀಸು, ಆದ್ದರಿಂದಲೇ ವೈನು ದಪ್ಪ, ಸಿಹಿ, ಒಂದೇ ತೆರ. ಮೂರು: ಅದು ಸುಟ್ಟ ಮಾಂಸದ ಜೊತೆಗಾರ, ಸೂಕ್ಷ್ಮವಾದ ಊಟಕ್ಕೆ ಒಗ್ಗುವುದಿಲ್ಲ. ಈ ಮೂರನ್ನೂ ಒಂದೊಂದಾಗಿ ಪರೀಕ್ಷಿಸೋಣ.

ಮೊದಲು ವಯಸ್ಸಿನ ಮಾತು. ಸ್ಪೇನಿನವರು ಪೆರು, ಚಿಲಿ, ಅರ್ಜೆಂಟೀನಾಗಳಲ್ಲಿ ದ್ರಾಕ್ಷಿ ನೆಟ್ಟದ್ದು 16ನೇ ಶತಮಾನದ ಮಧ್ಯಭಾಗದಲ್ಲಿ. ಅವರು ತಂದ ಮುಖ್ಯ ಕಪ್ಪು ತಳಿಯ ಹೆಸರು ಲಿಸ್ತಾನ್ ಪ್ರಿಯೆತೊ. ಹೊಸ ನೆಲದಲ್ಲಿ ಅದಕ್ಕೆ ಊರಿಗೊಂದು ಹೆಸರು ಬಂತು. ಅರ್ಜೆಂಟೀನಾದಲ್ಲಿ ಕ್ರಿಯೋಯಾ ಚಿಕಾ, ಬೊಲಿವಿಯಾದಲ್ಲಿ ನೆಗ್ರಾ ಕ್ರಿಯೋಯಾ, ಕ್ಯಾಲಿಫೋರ್ನಿಯಾದಲ್ಲಿ ಮಿಷನ್, ಚಿಲಿಯಲ್ಲಿ ಪಾಯೀಸ್. ಇವೆಲ್ಲ ಒಂದೇ ತಳಿ ಎಂಬುದನ್ನು ಡಿಎನ್‌ಎ ಪರೀಕ್ಷೆ ಖಚಿತಪಡಿಸಿದೆ. ಪಾಯೀಸ್ ಎಂದರೆ ದೇಶ, ನಾಡು. ಕ್ರಿಯೋಯಾ ಎಂದರೆ ಈ ನೆಲದಲ್ಲೇ ಹುಟ್ಟಿದ್ದು. ನಮ್ಮ ಉತ್ತರ ಕರ್ನಾಟಕದವರು ಜವಾರಿ ಎನ್ನುತ್ತಾರಲ್ಲ, ಬೆಂಗಳೂರು ಕಡೆಯವರು ನಾಟಿ ಎನ್ನುತ್ತಾರಲ್ಲ, ಅದೇ ಅರ್ಥ, ಅದೇ ಭಾವ.

ಈಗ ಇದರ ಪಕ್ಕದಲ್ಲಿ ‘ಹಳೆಯ ಜಗತ್ತಿನ’ ಕಳಶವೆನಿಸಿಕೊಂಡ, ಫ್ರಾನ್ಸಿನ ಬೋರ್ಡೋ ಬಳಿಯ ಮೆಡಾಕ್ ಸೀಮೆಯನ್ನು ಇಟ್ಟು ನೋಡಿ. ಲಫೀತ್, ಲತೂರ್, ಮಾರ್ಗೋ ಮುಂತಾದ ವೈನಿನ ಹೆಸರುಗಳು ಅಲ್ಲಿಯವು. ಬೋರ್ಡೋ ಸುತ್ತ ರೋಮನರ ಕಾಲದಿಂದಲೂ ದ್ರಾಕ್ಷಿ ಇತ್ತೆಂಬುದು ನಿಜ. ಆದರೆ ಮೆಡಾಕಿನ ಬಹುಭಾಗ ಜೌಗು ಪ್ರದೇಶವಾಗಿತ್ತು. 17ನೇ ಶತಮಾನದಲ್ಲಿ ಡಚ್ ಎಂಜಿನಿಯರುಗಳು ಕಾಲುವೆ ತೋಡಿ ನೀರು ಬಸಿದ ಮೇಲೆ ಅಲ್ಲಿ ದೊಡ್ಡ ತೋಟಗಳು ಎದ್ದವು. ಆ ಹೊತ್ತಿಗೆ ಆಂಡೀಸ್ ತಪ್ಪಲಿನ ರೈತರು ತಲೆಮಾರುಗಳಿಂದ ವೈನು ಮಾಡುತ್ತಿದ್ದರು. ಆ ವೈನು ಎಷ್ಟು ಬೆಳೆದಿತ್ತೆಂದರೆ, ಸ್ಪೇನಿನ ವ್ಯಾಪಾರಕ್ಕೆ ಕುತ್ತು ಬರುವುದೆಂಬ ಭಯದಿಂದ 1595ರಲ್ಲಿ ದೊರೆ ಎರಡನೆಯ ಫಿಲಿಪ್ ಅಮೆರಿಕದ ವಸಾಹತುಗಳಲ್ಲಿ ಹೊಸ ದ್ರಾಕ್ಷಿ ತೋಟ ಹಾಕಕೂಡದೆಂದು ಆಜ್ಞೆ ಹೊರಡಿಸಿದ. ಲೆಕ್ಕಕ್ಕೇ ಇಲ್ಲದ ವೈನಿಗೆ ಒಬ್ಬ ಚಕ್ರವರ್ತಿ ಯಾಕೆ ಹೆದರಬೇಕಿತ್ತು?

ಅಷ್ಟು ವೈನು ಹೋಗುತ್ತಿದ್ದದ್ದು ಎಲ್ಲಿಗೆ ಎಂದು ಕೇಳಿದರೆ, ಪೊಟೊಸಿಗೆ. 1545ರಲ್ಲಿ ಬೆಳ್ಳಿ ಸಿಕ್ಕ ಬೊಲಿವಿಯಾದ ಆ ಬೆಟ್ಟದೂರು ಸಮುದ್ರಮಟ್ಟದಿಂದ ಸುಮಾರು 4,000 ಮೀಟರ್ ಎತ್ತರದಲ್ಲಿದೆ. 17ನೇ ಶತಮಾನದ ಆರಂಭದಲ್ಲಿ ಅಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರಿದ್ದರು. ಗಣಿಗೆ ಮೂಲನಿವಾಸಿಗಳನ್ನು ಬಲವಂತವಾಗಿ ಎಳೆದು ತರಲಾಗುತ್ತಿತ್ತು. ಆ ನಗರಕ್ಕೆ ಕೆಳಗಿನ ಕಣಿವೆಗಳಿಂದ ವೈನು ಏರಿತು. ಇದು ಹೆಮ್ಮೆಪಡುವ ಕಥೆಯಲ್ಲ. ದ್ರಾಕ್ಷಿ ಆ ಖಂಡಕ್ಕೆ ಬಂದದ್ದು ಆಕ್ರಮಣಕಾರರ ಹಡಗಿನಲ್ಲಿ, ಬೆಳೆದದ್ದು ಕಸಿದುಕೊಂಡ ನೆಲದಲ್ಲಿ. ಆದರೆ ಪರಂಪರೆ ಎಂದರೆ ಬರೀ ಹೆಮ್ಮೆಯ ಪಟ್ಟಿಯಲ್ಲ. ನೋವಿನ ಇತಿಹಾಸವೂ ಇತಿಹಾಸವೇ, ಅದನ್ನು ಅಳಿಸಿ ‘ಹೊಸದು’ ಎಂದು ಬರೆದವರು ಆ ನೋವನ್ನೂ ಅಳಿಸಿದರು.

ಪೊಟೊಸಿಗೆ ವೈನು ಕಳಿಸುತ್ತಿದ್ದ ಕಣಿವೆಗಳಲ್ಲಿ ಒಂದು ಸಿಂತಿ. ಅಲ್ಲಿ ಇಂದಿಗೂ ಹಳೆಯ ಬಳ್ಳಿಗಳು ಮೊಯ್ಯೆ ಎಂಬ ಮರವನ್ನು ತಬ್ಬಿಕೊಂಡು ಮೇಲೇರುತ್ತವೆ, ಥೇಟ್ ನಮ್ಮ ಮಲೆನಾಡಿನ ಅಡಿಕೆ ಮರಕ್ಕೆ ಕಾಳುಮೆಣಸಿನ ಬಳ್ಳಿ ಹಬ್ಬಿದ ಹಾಗೆ. ಕಲ್ಲುಮಳೆ ಬಂದರೆ ಮರದ ಕೊಂಬೆ ಗೊಂಚಲನ್ನು ಕಾಯುತ್ತದೆ, ಉರಿಬಿಸಿಲಿಗೆ ಎಲೆಯ ನೆರಳು ಸಿಗುತ್ತದೆ. ಕೊಯ್ಲಿಗೆ ಏಣಿ ಬೇಕು. ತಂತಿ ಎಳೆದು ಸಾಲು ಹಿಡಿಸುವ ಪದ್ಧತಿ ಬರುವ ಮುಂಚಿನ ಬೇಸಾಯ ಅದು. ಇದಕ್ಕಿಂತ ‘ಹಳೆಯ ಜಗತ್ತು’ ಇನ್ನಾವುದು?

ಹಾಗಾದರೆ ಮೂರು ಶತಮಾನ ಎಲ್ಲಿ ಮಾಯವಾಯಿತು? ಮಾಯ ಮಾಡಿದವರಲ್ಲಿ ಆ ದೇಶಗಳ ಸಿರಿವಂತರೂ ಇದ್ದರು ಎಂಬುದನ್ನು ಒಪ್ಪಿಕೊಳ್ಳಬೇಕು. ಚಿಲಿಯಲ್ಲಿ ಗಣಿಯಿಂದ, ವ್ಯಾಪಾರದಿಂದ ದುಡ್ಡು ಮಾಡಿದ ಮನೆತನಗಳು 1850ರ ದಶಕದಿಂದ ಫ್ರಾನ್ಸಿನ ಬಳ್ಳಿ, ಫ್ರಾನ್ಸಿನ ಮೇಸ್ತ್ರಿ, ಫ್ರಾನ್ಸಿನ ಮಾದರಿಯ ಬಂಗಲೆ ತರಿಸಿಕೊಂಡವು. ಅರ್ಜೆಂಟೀನಾದಲ್ಲಿ 1853ರ ಏಪ್ರಿಲ್ 17ರಂದು ಮೆಂಡೋಸಾಕ್ಕೊಂದು ಕೃಷಿ ಶಾಲೆ ಬೇಕೆಂಬ ಪ್ರಸ್ತಾವ ಮಂಡನೆಯಾಯಿತು. ಮುಂದೆ ದೇಶದ ಅಧ್ಯಕ್ಷನಾದ ಸಾರ್ಮಿಯೆಂತೊ ಅದರ ಹಿಂದಿದ್ದ. ಫ್ರೆಂಚ್ ತಜ್ಞ ಮಿಷೆಲ್ ಪೂಜೆ ತಂದ ತಳಿಗಳಲ್ಲಿ ಮಾಲ್ಬೆಕ್ ಕೂಡ ಇತ್ತು. ಇವತ್ತು ಏಪ್ರಿಲ್ 17ನ್ನು ವಿಶ್ವ ಮಾಲ್ಬೆಕ್ ದಿನವೆಂದು ಆಚರಿಸುತ್ತಾರೆ. ಆಚರಿಸಲಿ, ನನ್ನ ಅಡ್ಡಿಯಿಲ್ಲ. ಆದರೆ ಕ್ರಿಯೋಯಾಕ್ಕೆ ಅಷ್ಟು ಮನ್ನಣೆ ಸಿಕ್ಕಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಅಲ್ಲಿಗೂ ಹೊಂದುತ್ತದೆ.

‘ಹಳೆಯದು’ ಎಂಬ ಪದವಿಯನ್ನು ಬಳ್ಳಿಯ ಬೇರಿಗೇ ಕೇಳಿದರೆ ಉತ್ತರ ಇನ್ನೂ ಸ್ಪಷ್ಟ. 1860ರ ದಶಕದಲ್ಲಿ ಉತ್ತರ ಅಮೆರಿಕದಿಂದ ಯುರೋಪಿಗೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಹೋಯಿತು. ಫ್ರಾನ್ಸಿನ ತೋಟಗಳು ಸಾಲುಸಾಲಾಗಿ ಸತ್ತವು. ಕೊನೆಗೆ ಆ ಕೀಟವನ್ನು ತಡೆದುಕೊಳ್ಳುವ ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಯುರೋಪಿನ ಕುಡಿಯನ್ನು ಕಸಿ ಕಟ್ಟಿ ಉಳಿಸಿಕೊಂಡರು. ಇಂದು ಫ್ರಾನ್ಸಿನ ಬಹುಪಾಲು ಬಳ್ಳಿ ನಿಂತಿರುವುದು ಅಮೆರಿಕದ ಬೇರಿನ ಮೇಲೆ. ಚಿಲಿಗೆ ಆ ಕೀಟ ಕಾಲಿಡಲಿಲ್ಲ. ಉತ್ತರಕ್ಕೆ ಅಟಕಾಮಾ ಮರುಭೂಮಿ, ಪೂರ್ವಕ್ಕೆ ಆಂಡೀಸ್, ಪಶ್ಚಿಮಕ್ಕೆ ಪೆಸಿಫಿಕ್, ದಕ್ಷಿಣಕ್ಕೆ ಹಿಮ ನಾಲ್ಕು ದಿಕ್ಕಿಗೆ ಕಾವಲು ನಿಂತವು. ಅಲ್ಲಿನ ಬಹಳಷ್ಟು ಬಳ್ಳಿಗಳು ಇನ್ನೂ ಸ್ವಂತ ಬೇರಿನ ಮೇಲಿವೆ.

ಕಾರ್ಮೆನೇರ್ ಎಂಬ ತಳಿಯ ಕಥೆ ಇದಕ್ಕೆ ಸಾಕ್ಷಿ. ಬೋರ್ಡೋದ ಈ ಹಳೆಯ ತಳಿ ಕೀಟಕ್ಕೆ ಬಲಿಯಾದ ಮೇಲೆ, ಕಾಯಿ ಕಟ್ಟುವುದು ಕಷ್ಟ, ಹಣ್ಣಾಗುವುದು ತಡ ಎಂದು ಅಲ್ಲಿನವರು ಅದನ್ನು ಮತ್ತೆ ನೆಡುವ ಗೋಜಿಗೇ ಹೆಚ್ಚಾಗಿ ಹೋಗಲಿಲ್ಲ. ಆದರೆ ಅದು ಅದಕ್ಕೆ ಮೊದಲೇ ಚಿಲಿ ಸೇರಿತ್ತು. 1994ರ ನವೆಂಬರ್ 24ರಂದು ಫ್ರಾನ್ಸಿನ ತಳಿತಜ್ಞ ಜಾನ್-ಮಿಷೆಲ್ ಬೂರ್ಸಿಕೊ ಮೈಪೊ ಕಣಿವೆಯ ಕಾರ್ಮೆನ್ ತೋಟದಲ್ಲಿ, ಮೆರ್ಲೋ ಎಂದು ಎಲ್ಲರೂ ಕರೆಯುತ್ತಿದ್ದ ಬಳ್ಳಿಗಳು ಕಾರ್ಮೆನೇರ್ ಎಂದು ಗುರುತಿಸಿದರು. ಕಳೆದುಹೋದ ಫ್ರೆಂಚ್ ಮಗು ಸಿಕ್ಕಿತು ಎಂಬಂತೆ ಈ ಘಟನೆಯನ್ನು ಎಲ್ಲ ಕಡೆ ಬರೆಯುತ್ತಾರೆ. ನಾನು ಬೇರೆ ರೀತಿ ಓದುತ್ತೇನೆ. ಅಲ್ಲಿನವರು ಅದನ್ನು ‘ಚಿಲಿಯ ಮೆರ್ಲೋ’ ಎಂದು ಪ್ರತ್ಯೇಕಿಸಿಯೇ ಹೇಳುತ್ತಿದ್ದರು. ಉಳಿದ ಮೆರ್ಲೋಗಿಂತ ವಾರಗಟ್ಟಲೆ ತಡವಾಗಿ ಹಣ್ಣಾಗುತ್ತದೆ, ಶರತ್ಕಾಲಕ್ಕೆ ಎಲೆ ಕಡುಗೆಂಪಾಗುತ್ತದೆ ಎಂಬುದು ತೋಟದಲ್ಲಿ ಕೆಲಸ ಮಾಡುವವರ ಕಣ್ಣಿಗೆ ಬೀಳದ ಸಂಗತಿಯೇನಲ್ಲ. ಹೆಸರು ತಪ್ಪಿತ್ತು, ಬಳ್ಳಿ ಬದುಕಿತ್ತು. ಅದನ್ನು ಬದುಕಿಸಿದವರು ಚಿಲಿಯವರು. ಅಂದಮೇಲೆ ಫ್ರಾನ್ಸಿನ ಪರಂಪರೆಯನ್ನು ಫ್ರಾನ್ಸಿಗಿಂತ ಚೆನ್ನಾಗಿ ಕಾಪಾಡಿದ ನೆಲವನ್ನು ಹೊಸದೆನ್ನುವುದು ಯಾವ ನ್ಯಾಯ?

ಇನ್ನು ‘ಸಲೀಸಾದ ಬಿಸಿಲು’. ಮೆಂಡೋಸಾದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಬಯಲುಸೀಮೆಯ ಚಳ್ಳಕೆರೆಯಲ್ಲೂ ಅದರ ಇಮ್ಮಡಿ ಬೀಳುತ್ತದೆ. ಅಲ್ಲಿ ಬಳ್ಳಿ ಬದುಕುವುದು ಆಂಡೀಸಿನ ಹಿಮ ಕರಗಿದ ನೀರಿನಿಂದ. ಆ ನೀರನ್ನು ಕಾಲುವೆಗಳಲ್ಲಿ ಹಂಚುವ ವಿದ್ಯೆ ಸ್ಪೇನಿನವರು ಬರುವ ಮೊದಲೇ ಅಲ್ಲಿದ್ದ ಉವಾರ್ಪೆ ಜನರದು. ಅವರ ನಾಯಕ ಗುವಾಯ್ಮಾಯೆನ್‌ನ ಹೆಸರು ಹೊತ್ತ ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ವಸಂತದಲ್ಲಿ ಬೆಟ್ಟ ಇಳಿದು ಬರುವ ಸೋಂಡಾ ಎಂಬ ಒಣ ಬಿಸಿಗಾಳಿ ಹೂವನ್ನು ಸುಡುತ್ತದೆ. ಬೇಸಿಗೆಯ ಆಲಿಕಲ್ಲು ಅರ್ಧ ಗಂಟೆಯಲ್ಲಿ ವರ್ಷದ ದುಡಿಮೆಯನ್ನು ನೆಲಕ್ಕೆ ಕೆಡವುತ್ತದೆ. ಅದಕ್ಕೆಂದೇ ಸಾಲುಸಾಲು ಬಳ್ಳಿಗೆ ಬಲೆ ಹೊದಿಸಿರುತ್ತಾರೆ. ಇದು ಸಲೀಸೇ?

ಎತ್ತರ ಇನ್ನೊಂದು ಪಾಠ. ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಹಗಲಿನ ತೀಕ್ಷ್ಣ ಬಿಸಿಲಿಗೆ ಹಣ್ಣಿನ ಸಿಪ್ಪೆ ದಪ್ಪಗಾಗಿ ಬಣ್ಣ ಕಟ್ಟುತ್ತದೆ, ರಾತ್ರಿಯ ಚಳಿ ಹುಳಿಯನ್ನು ಕಾಯುತ್ತದೆ. ಮೆಂಡೋಸಾದ ಯೂಕೊ ಕಣಿವೆಯ ಗುವಾಲ್ತಾಯಾರಿಯಲ್ಲಿ ವೈನು ತಯಾರಕ ನಿಕೊಲಾಸ್ ಕತೇನಾ 1992ರಲ್ಲಿ ಸುಮಾರು 1,450 ಮೀಟರ್ ಎತ್ತರದಲ್ಲಿ ಬಳ್ಳಿ ನೆಟ್ಟಾಗ, ಅಷ್ಟು ಚಳಿಯಲ್ಲಿ ಹಣ್ಣಾಗುವುದೇ ಎಂಬ ಅನುಮಾನವಿತ್ತು. ಅದು ಇಂದು ಅರ್ಜೆಂಟೀನಾದ ಅತಿ ಹೆಸರುವಾಸಿ ತೋಟಗಳಲ್ಲೊಂದು. ಅದೇ ದೇಶದ ಸಾಲ್ಟಾ ಪ್ರಾಂತ್ಯದಲ್ಲಿ 3,000 ಮೀಟರ್ ದಾಟಿದ ತೋಟವೂ ಇದೆ. ನಮ್ಮ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್ ಎಂದು ನೆನೆದರೆ ಆ ಎತ್ತರ ಮನಸ್ಸಿಗೆ ತಟ್ಟುತ್ತದೆ.

ಹಾಗೆಂದು ಇಡೀ ಖಂಡ ಒಣಭೂಮಿಯೂ ಅಲ್ಲ. ಉರುಗ್ವೆಯ ಮಾಂಟೆವಿಡಿಯೊ ಸುತ್ತ ವರ್ಷಕ್ಕೆ 1,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಆ ತೇವಕ್ಕೆ ಕೊಳೆಯದ, ದಪ್ಪ ಸಿಪ್ಪೆಯ ತನಾತ್ ತಳಿಯನ್ನು ಬಾಸ್ಕ್ ವಲಸಿಗ ಪಾಸ್ಕಲ್ ಅರಿಯಾಗ್ 1870ರ ದಶಕದಲ್ಲಿ ಊರ್ಜಿತಗೊಳಿಸಿದ. ಜನ ಆ ದ್ರಾಕ್ಷಿಗೆ ಬಹುಕಾಲ ಅವನ ಹೆಸರನ್ನೇ ಇಟ್ಟು ಕರೆದರು. ಚಿಲಿಯ ಕಾಸಾಬ್ಲಾಂಕಾದಲ್ಲಿ ಹಂಬೋಲ್ಟ್ ಶೀತಪ್ರವಾಹದ ಮಂಜು ಬೆಳಗಿನ ಹೊತ್ತು ಬಳ್ಳಿಯನ್ನು ಮುಚ್ಚಿರುತ್ತದೆ. ವೈನು ತಯಾರಕ ಪಾಬ್ಲೊ ಮೊರಾಂದೆ 1982ರಲ್ಲಿ ಅಲ್ಲಿ ಬಿಳಿ ದ್ರಾಕ್ಷಿ ನೆಡುವವರೆಗೆ ಅದು ದನ ಮೇಯುವ ಜಾಗವಾಗಿತ್ತು. ಮರುಭೂಮಿ, ಮಂಜು, ಮಳೆ, ಹಿಮ ಎಲ್ಲವನ್ನೂ ‘ಬಿಸಿಲು’ ಎಂಬ ಒಂದೇ ಮಾತಿನಲ್ಲಿ ಮುಗಿಸುವವರು ಆ ಖಂಡದ ನಕ್ಷೆಯನ್ನು ಸರಿಯಾಗಿ ಬಿಡಿಸಿ ನೋಡಿಲ್ಲ.

ಮೂರನೆಯದು ಊಟ. ಮಾಲ್ಬೆಕ್ಕಿಗೆ ಸುಟ್ಟ ದನದ ಮಾಂಸ, ಅಷ್ಟೇ ಎನ್ನುತ್ತಾರೆ. ಆ ಜೋಡಿ ಚೆನ್ನಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಖಂಡ ಜಗತ್ತಿಗೆ ಕೊಟ್ಟ ಅಡುಗೆ ಸಾಮಗ್ರಿಯ ಪಟ್ಟಿ ನೋಡಿ. ಆಲೂಗಡ್ಡೆ ಆಂಡೀಸಿನದು, ಮೆಣಸಿನಕಾಯಿಯ ಕುಲದ ತವರು ಬೊಲಿವಿಯಾ ಸುತ್ತಿನ ಸೀಮೆ ಎಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಪೋರ್ಚುಗೀಸರು ಆ ಕಾಯಿಯನ್ನು ತಾರದೆ ಹೋಗಿದ್ದರೆ ನಮ್ಮಲ್ಲಿ ಬ್ಯಾಡಗಿ ಎಂಬ ಹೆಸರಿಗೆ ಈ ಅರ್ಥವೇ ಇರುತ್ತಿರಲಿಲ್ಲ. ಖಾರವನ್ನು ಕಂಡುಕೊಂಡ ಆ ನೆಲದ ವೈನಿಗೆ ಖಾರದ ಜೊತೆ ಹೊಂದಿಕೊಳ್ಳುವ ಗುಣ ಇಲ್ಲವೆಂದು ಹೇಗೆ ತೀರ್ಮಾನಿಸುತ್ತೀರಿ?

ಸಾಲ್ಟಾದ ಎಂಪನಾದಾ ನಮ್ಮ ಕರ್ಜಿಕಾಯಿಯ ಆಕಾರದ್ದು. ಒಳಗೆ ಮಾಂಸ, ಆಲೂಗಡ್ಡೆ, ಜೀರಿಗೆ, ಒಣಮೆಣಸಿನ ಪುಡಿ. ಅದರ ಜೊತೆ ಅಲ್ಲಿನವರು ಕುಡಿಯುವುದು ಟೊರೊಂಟೆಸ್ ಎಂಬ ಬಿಳಿ ವೈನು. ಮೂಗಿಗೆ ಮಲ್ಲಿಗೆ, ಕಿತ್ತಳೆ ಸಿಪ್ಪೆ. ನಾಲಿಗೆಗೆ ಒಣ, ಸಿಹಿಯಿಲ್ಲ. ಇದರ ಮುಖ್ಯ ತಳಿ ಮಸ್ಕಟ್ ಮತ್ತು ಆ ಹಳೆಯ ಕ್ರಿಯೋಯಾ ಚಿಕಾದ ಸಂಕರದಿಂದ ಅರ್ಜೆಂಟೀನಾದ ಮಣ್ಣಿನಲ್ಲೇ ಹುಟ್ಟಿದ್ದು. ಅಂದರೆ ನಕಲು ಎಂದು ಜರಿದವರು ತಿರಸ್ಕರಿಸಿದ ಜವಾರಿ ಬಳ್ಳಿ, ಜಗತ್ತಿನಲ್ಲಿ ಬೇರೆಲ್ಲೂ ಹುಟ್ಟದ ಮಗುವನ್ನು ಹೆತ್ತಿದೆ. ಚಿಲಿಯ ಮಾಪುಚೆ ಜನರ ಮೆರ್ಕೆನ್ ಎಂದರೆ ಹೊಗೆಯಾಡಿಸಿ ಒಣಗಿಸಿದ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಉಪ್ಪು ಕುಟ್ಟಿದ ಪುಡಿ. ನಮ್ಮ ಚಟ್ನಿಪುಡಿಯ ಸಂಬಂಧಿಯೇ ಅದು. ಎಳೆ ಮೆಕ್ಕೆಜೋಳವನ್ನು ರುಬ್ಬಿ ಬೇಯಿಸಿದ ಪಾಸ್ತೆಲ್ ದೆ ಚೊಕ್ಲೊ ಎಂಬ ಖಾದ್ಯದ ಪಕ್ಕ ಕಾರ್ಮೆನೇರ್ ಇಟ್ಟರೆ, ಆ ವೈನಿನಲ್ಲಿರುವ ಹಸಿ ದೊಣ್ಣೆಮೆಣಸಿನ ವಾಸನೆ ಜೋಳದ ಸಿಹಿಗೆ ಕೂಡಿಕೊಳ್ಳುತ್ತದೆ. ದಕ್ಷಿಣ ಚಿಲಿಯ ಚಿಲೊಯೆ ದ್ವೀಪದಲ್ಲಿ ನೆಲದೊಳಗೆ ಕಾದ ಕಲ್ಲಿನ ಮೇಲೆ ಬೇಯಿಸುವ ಕುರಾಂತೊದಲ್ಲಿ ಸಮುದ್ರದ ಚಿಪ್ಪುಗಳೇ ಮುಖ್ಯ. ಅದಕ್ಕೆ ಬೇಕಾದದ್ದು ಕರಾವಳಿಯ ಹುಳಿಹುಳಿ ಬಿಳಿ ವೈನು.

ಇಲ್ಲಿ ತತ್ವ ಸರಳ. ಒಗರು ಮತ್ತು ಮದ್ಯಸಾರ ಹೆಚ್ಚಿದ್ದಷ್ಟೂ ಮೆಣಸಿನ ಉರಿ ಹೆಚ್ಚುತ್ತದೆ. ಆದ್ದರಿಂದ ಖಾರದ ಊಟಕ್ಕೆ ಕಡಿಮೆ ಒಗರಿನ, ತುಸು ತಂಪಾಗಿಸಿದ ಪಾಯೀಸ್ ಅಥವಾ ಕಂಪಿನ ಟೊರೊಂಟೆಸ್ ಹೊಂದುತ್ತದೆ. ನಮ್ಮ ಕರಾವಳಿಯ ಮೀನು ಗಸಿಯ ಮುಂದೆ ದುಬಾರಿ ಬೋರ್ಡೋ ಸೋಲುತ್ತದೆ, ಆದರೂ ಬೋರ್ಡೋವನ್ನೇ ಕೊಂಡು ಊಟವನ್ನು ದೂರುವವರಿದ್ದಾರೆ.

ಈಗ ಒಂದು ಗಟ್ಟಿ ಆಕ್ಷೇಪ. ಹಳೆಯದಾದ ಮಾತ್ರಕ್ಕೆ ಒಳ್ಳೆಯದೇ? ಪಾಯೀಸ್ ವೈನು ಒರಟಾಗಿತ್ತಲ್ಲವೇ? ಹೌದು, ಬಹಳಷ್ಟು ಒರಟಾಗಿತ್ತು. ಕೊಡಗಟ್ಟಲೆ ಮಾರಲು ಮಾಡಿದ ವೈನು ಯಾವ ದೇಶದಲ್ಲೂ ನಯವಾಗಿರುವುದಿಲ್ಲ. ಯುರೋಪಿನಿಂದ ಬಂದ ತಂತ್ರಜ್ಞಾನದ ಉಪಕಾರವನ್ನೂ ನಾನು ಅಲ್ಲಗಳೆಯುವುದಿಲ್ಲ. 1979ರಲ್ಲಿ ಚಿಲಿಗೆ ಬಂದ ಸ್ಪೇನಿನ ವೈನು ತಯಾರಕ ಮಿಗೆಲ್ ತೊರೆಸ್ ಸ್ಟೀಲ್ ತೊಟ್ಟಿಗಳನ್ನು ತಂದು ವೈನಿನ ಶುಚಿತ್ವವನ್ನೇ ಬದಲಿಸಿದರು. ಆದರೆ ಗಮನಿಸಿ, ಅವರದೇ ಸಂಸ್ಥೆ ಮುಂದೆ ಪಾಯೀಸ್ ದ್ರಾಕ್ಷಿಯಿಂದಲೇ ನೊರೆಯುಕ್ಕುವ ಗುಲಾಬಿ ವೈನು ಮಾಡಿ ಮೆಚ್ಚುಗೆ ಗಳಿಸಿತು. ಕೊರತೆ ದ್ರಾಕ್ಷಿಯಲ್ಲಿರಲಿಲ್ಲ, ಅದಕ್ಕೆ ಕೊಟ್ಟ ಬೆಲೆಯಲ್ಲಿತ್ತು, ತೋರಿದ ಆದರದಲ್ಲಿತ್ತು. 2004ರಲ್ಲಿ ಬರ್ಲಿನ್ನಿನಲ್ಲಿ ಹೆಸರು ಮುಚ್ಚಿಟ್ಟು ನಡೆಸಿದ ರುಚಿ ಪರೀಕ್ಷೆಯಲ್ಲಿ ಚಿಲಿಯ ಎರಡು ವೈನುಗಳು ಮೊದಲೆರಡು ಸ್ಥಾನ ಪಡೆದು ಲಫೀತನ್ನು ಮೂರನೆಯದಕ್ಕೆ ತಳ್ಳಿದವು. ಅದನ್ನು ನನ್ನ ಪಕ್ಷದ ದೊಡ್ಡ ಅಸ್ತ್ರವೆಂದು ನಾನು ಬಳಸುವುದಿಲ್ಲ. ಬೋರ್ಡೋದ ಸೇರಿನಲ್ಲಿ ಅಳೆದು ಬೋರ್ಡೋವನ್ನು ಗೆದ್ದರೂ ಸೇರು ಅವರದೇ.

ಆ ಸೇರು ಅಳೆದದ್ದರ ಫಲವನ್ನು ಉಂಡವರು ದಕ್ಷಿಣ ಚಿಲಿಯ ಇಟಾಟಾ, ಮೌಲೆ ಕಣಿವೆಗಳ ಸಣ್ಣ ಹಿಡುವಳಿದಾರರು. ಅವರ ತೋಟಗಳಿಗೆ ನೀರಾವರಿಯಿಲ್ಲ, ಮಳೆಯೇ ಗತಿ. ಗುಡ್ಡದ ಇಳಿಜಾರಿನಲ್ಲಿ ಕುದುರೆ ಕಟ್ಟಿ ಉಳುತ್ತಾರೆ. ಬಳ್ಳಿ ಪೊದೆಯಂತೆ ಮೊಣಕಾಲೆತ್ತರಕ್ಕೆ ನಿಂತಿರುತ್ತದೆ, ಕಾಂಡ ತೊಡೆಯಷ್ಟು ದಪ್ಪ. ಕೊಯ್ದ ಗೊಂಚಲನ್ನು ಸರಾಂಡಾದ ಮೇಲೆ ಸುರಿಯುತ್ತಾರೆ. ಅದು ಕೊಲಿಗ್ವೆ ಎಂಬ ಬಿದಿರಿನ ಗಳುಗಳನ್ನು ಒತ್ತೊತ್ತಾಗಿ ಕಟ್ಟಿದ ತಟ್ಟಿ. ಅಂಗೈಯಿಂದ ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಹಣ್ಣು, ರಸ ಸಂದಿನಲ್ಲಿ ಕೆಳಗಿನ ತೊಟ್ಟಿಗೆ ಬೀಳುತ್ತವೆ, ತೊಟ್ಟು ಮೇಲೆ ಉಳಿಯುತ್ತದೆ. ಆಮೇಲೆ ರಾವ್ಲಿ ಮರದ ಪೀಪಾಯಿ. ಹೀಗೆ ಆದ ವೈನಿಗೆ ಪಿಪೇನ್ಯೊ ಎಂದು ಹೆಸರು. ತಿಳಿಗೆಂಪು ಬಣ್ಣ, ಕೆಂಪು ಹಣ್ಣಿನ ಹುಳಿ, ಮಣ್ಣಿನ ಸಣ್ಣ ಒಗರು.

ಈ ದ್ರಾಕ್ಷಿಗೆ ದೊಡ್ಡ ಕೊಳ್ಳುಗರು ಕೊಡುತ್ತಿದ್ದ ಬೆಲೆ ಎಷ್ಟೋ ವರ್ಷ ಬೇಸಾಯದ ಖರ್ಚಿಗೂ ಸಾಲಲಿಲ್ಲ. ಇನ್ನೊಂದು ಕಡೆ 1974ರ ಅರಣ್ಯ ಕಾನೂನು ಪೈನ್, ನೀಲಗಿರಿ ನೆಡುವವರಿಗೆ ಖರ್ಚಿನ ಮುಕ್ಕಾಲು ಪಾಲನ್ನು ಸರ್ಕಾರದಿಂದ ಕೊಡಿಸಿತು. ನೂರಾರು ವರ್ಷದ ಬಳ್ಳಿ ಕಿತ್ತು ನೀಲಗಿರಿ ಹಾಕಿದರು. ನೀಲಗಿರಿ ತೋಪು ನೆಲಕ್ಕೆ ಏನು ಮಾಡುತ್ತದೆ ಎಂದು ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ನಾನು ಹೇಳಬೇಕಿಲ್ಲ. 2017ರಲ್ಲಿ, ಮತ್ತೆ 2023ರ ಫೆಬ್ರವರಿಯಲ್ಲಿ ಆ ಭಾಗದಲ್ಲಿ ಕಾಡ್ಗಿಚ್ಚು ಹಬ್ಬಿ ಹಳೆಯ ದ್ರಾಕ್ಷಿ ತೋಟಗಳೂ ಸುಟ್ಟವು. ಪಟ್ಟಿಯ ಮೇಲಿನ ಒಂದು ತಲೆಬರಹ ಹೀಗೆ ಒಬ್ಬ ರೈತನ ಹೊಲದವರೆಗೆ ಬಂದು ಮುಟ್ಟುತ್ತದೆ. ಯಾವುದಕ್ಕೆ ಚರಿತ್ರೆ ಇಲ್ಲವೆಂದು ಲೋಕ ನಂಬುತ್ತದೋ ಅದಕ್ಕೆ ಬೆಲೆಯೂ ಸಿಗುವುದಿಲ್ಲ, ಬೆಲೆ ಸಿಗದ್ದನ್ನು ಕಿತ್ತು ಹಾಕಲು ಯಾರಿಗೂ ಕೈ ನಡುಗುವುದಿಲ್ಲ.

ನಂದಿಬೆಟ್ಟದ ತಪ್ಪಲಲ್ಲಿ ವೈನಿಗೆಂದೇ ಫ್ರಾನ್ಸಿನ ತಳಿ ನೆಟ್ಟದ್ದು 1980ರ ದಶಕದಲ್ಲಿ. ನಮ್ಮದನ್ನು ಹೊಸದೆನ್ನಿ, ಅದು ಸತ್ಯ, ಅದರಲ್ಲಿ ಅವಮಾನವಿಲ್ಲ. ಆದರೆ ನಾಲ್ಕೂವರೆ ಶತಮಾನದ ಬಳ್ಳಿಯನ್ನು ನಲವತ್ತು ವರ್ಷದ ಬಳ್ಳಿಯ ಪಕ್ಕ ನಿಲ್ಲಿಸಿ ಎರಡಕ್ಕೂ ಒಂದೇ ಹೆಸರಿಡಬೇಡಿ. ಹೋಟೆಲಿನವರಲ್ಲಿ, ಅಂಗಡಿಯವರಲ್ಲಿ, ಪಾಠ ಹೇಳುವವರಲ್ಲಿ ನನ್ನ ಮನವಿ ಇಷ್ಟೇ: ಆ ಎರಡು ತಲೆಬರಹ ಅಳಿಸಿ, ನಾಡಿನ ಹೆಸರು, ಕಣಿವೆಯ ಹೆಸರು, ತಳಿಯ ಹೆಸರು ಬರೆಯಿರಿ. ಓದುಗರಲ್ಲಿ ಇನ್ನೊಂದು ಕೋರಿಕೆ. ಜವಾರಿ ಬದನೆ, ನಾಟಿ ಟೊಮೆಟೊಗೆ ನಾವು ಈಗ ಹುಡುಕಿಕೊಂಡು ಹೋಗಿ ಹೆಚ್ಚು ದುಡ್ಡು ಕೊಡುತ್ತೇವೆ, ಏಕೆಂದರೆ ಕಳೆದುಕೊಂಡ ಮೇಲೆ ಅದರ ಬೆಲೆ ಗೊತ್ತಾಯಿತು. ವೈನು ಕುಡಿಯುವವರಾದರೆ ಮುಂದಿನ ಸಲ ಪಾಯೀಸ್ ಇದೆಯೇ ಎಂದು ಕೇಳಿ. ಇಲ್ಲ ಎಂದರೂ ಪರವಾಗಿಲ್ಲ, ಹತ್ತು ಜನ ಕೇಳಿದರೆ ತರಿಸುತ್ತಾರೆ. ಇಟಾಟಾದ ಗುಡ್ಡದಲ್ಲಿ ಉಳಿದಿರುವ ಬಳ್ಳಿ ಉಳಿಯುವುದು ಹಾಗೆ ಕೇಳುವವರಿಂದಲೇ.